ಪೌಂಡ್ ಕೇಕಿನ ಪೋಷಕಾಂಶಗಳು: ಸಮತೂಕದ ನಾಲ್ಕು ದ್ರವ್ಯಗಳ ಲೆಕ್ಕ

ತನ್ನ ಹೆಸರಿನಲ್ಲಿಯೇ ತನ್ನ ಪಾಕಕ್ರಮವನ್ನು ಹೊತ್ತು ತಂದಿರುವ ತಿಂಡಿಗಳು ವಿರಳ. ಆಂಗ್ಲರ ಪೌಂಡ್ ಕೇಕು ಅಂಥವುಗಳಲ್ಲೊಂದು. ಒಂದು ಪೌಂಡು ಹಿಟ್ಟು, ಒಂದು ಪೌಂಡು ಬೆಣ್ಣೆ, ಒಂದು ಪೌಂಡು ಸಕ್ಕರೆ, ಒಂದು ಪೌಂಡು ಮೊಟ್ಟೆ; ಇಷ್ಟನ್ನು ಕಲಸಿ, ಕಡೆದು, ಬೇಯಿಸಿದರೆ ಪೌಂಡ್ ಕೇಕು ಸಿದ್ಧವಾಗುತ್ತದೆ. ಆಹಾರಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಸುಲಭವಾದ ಅಭ್ಯಾಸಪಾಠ ಸಿಗಲಾರದು. ಘಟಕಗಳು ನಾಲ್ಕೇ, ನಾಲ್ಕರ ತೂಕವೂ ಒಂದೇ, ನಾಲ್ಕರ ರಾಸಾಯನಿಕ ಸಂಯೋಜನೆಯೂ ಕೋಷ್ಟಕಗಳಲ್ಲಿ ಲಭ್ಯ. ಹೀಗಿರುವಾಗ ಒಂದು ಪ್ರಶ್ನೆಯನ್ನು ಕೇಳಬಹುದು: ತೂಕದಲ್ಲಿ ಸಮವಾಗಿರುವ ಈ ನಾಲ್ಕು ದ್ರವ್ಯಗಳು ಪೋಷಣೆಯಲ್ಲಿಯೂ ಸಮವಾಗಿರುವುವೇ? ಬೆಣ್ಣೆ ಮೊಟ್ಟೆಗಳು ಸೇರಿದ ಮಾತ್ರಕ್ಕೆ ಒಂದು ತಿಂಡಿ ಪುಷ್ಟಿಕರವೆನಿಸುವುದೇ? ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಗೆ ಲೆಕ್ಕದ ಮೂಲಕ ಉತ್ತರ ಕಂಡುಕೊಳ್ಳಲು ಯತ್ನಿಸಲಾಗಿದೆ.

ಹೆಸರು ಮತ್ತು ಚರಿತ್ರೆ

ಪೌಂಡು ಎಂಬುದು ಸುಮಾರು 454 ಗ್ರಾಂ ತೂಕ. ನಮ್ಮ ದೇಶದಲ್ಲಿ 1958ರಿಂದ ಮೆಟ್ರಿಕ್ ತೂಕಗಳು ಕ್ರಮವಾಗಿ ಜಾರಿಗೆ ಬರುವುದಕ್ಕೆ ಮುನ್ನ ಕನ್ನಡಿಗರು 'ರಾತಲು' ಎಂದು ಕರೆಯುತ್ತಿದ್ದುದು ಇದನ್ನೇ. ಹ್ಯಾನಾ ಗ್ಲಾಸ್ ಎಂಬ ಆಂಗ್ಲ ಮಹಿಳೆ 1747ರಲ್ಲಿ ಪ್ರಕಟಿಸಿದ ಪಾಕಶಾಸ್ತ್ರ ಗ್ರಂಥದಲ್ಲಿ ಪೌಂಡ್ ಕೇಕಿನ ವಿಧಾನವಿದೆ. ಅದರಲ್ಲಿ ಬೆಣ್ಣೆ, ಹಿಟ್ಟು, ಸಕ್ಕರೆಗಳು ಒಂದೊಂದು ಪೌಂಡು. ಮೊಟ್ಟೆಗಳು ಹನ್ನೆರಡು, ಆದರೆ ಬಿಳಿಯ ಭಾಗವನ್ನು ಅರ್ಧದಷ್ಟು ಮಾತ್ರ ಸೇರಿಸಬೇಕು. ಕಲಸಿದ್ದನ್ನು ಕೈಯಿಂದಾಗಲಿ ಮರದ ಸೌಟಿನಿಂದಾಗಲಿ ಒಂದು ಗಂಟೆಯ ಕಾಲ ಕಡೆಯಬೇಕೆಂಬ ವಿಧಿಯೂ ಅಲ್ಲಿದೆ. ಅಮೆರಿಕದಲ್ಲಿ 1796ರಲ್ಲಿ ಹೊರಬಂದ ಅಮೀಲಿಯಾ ಸಿಮನ್ಸ್ ಅವರ ಗ್ರಂಥದಲ್ಲಿ ಮೊಟ್ಟೆಯ ಪ್ರಮಾಣವನ್ನು ಒಂದು ಪೌಂಡು ಅಥವಾ ಹತ್ತು ಎಂದು ಹೇಳಿದೆ. ಫ್ರಾನ್ಸಿನಲ್ಲಿ ಇದೇ ಬಗೆಯ ಕೇಕಿಗೆ 'ಕಾತ್ರ್ ಕಾರ್' ಎಂದು ಹೆಸರು; ನಾಲ್ಕು ಕಾಲುಭಾಗಗಳು ಎಂದು ಅದರ ಅರ್ಥ. ಓದುಬರಹ ಬಾರದವರೂ ನೆನಪಿನಲ್ಲಿ ಇಟ್ಟುಕೊಳ್ಳಬಹುದಾದಷ್ಟು ಸರಳವಾದ ಸೂತ್ರ ಇದು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯುಂಟು. ಮೂಲಕ್ರಮದಂತೆ ಮಾಡಿದ ಒಂದು ಕೇಕಿನ ತೂಕ ಒಂದೂವರೆ ಕಿಲೋಗ್ರಾಮಿಗೂ ಹೆಚ್ಚು. ದೊಡ್ಡ ಕುಟುಂಬಕ್ಕೆ, ಬಂದುಹೋಗುವ ಅತಿಥಿಗಳಿಗೆ ಹಂಚಲೆಂದು ಮಾಡುತ್ತಿದ್ದ ಪದಾರ್ಥವದು. ಇಂದು ಅದೇ ಪ್ರಮಾಣಗಳನ್ನು ಕಾಲುಭಾಗಕ್ಕೋ ಅರ್ಧಕ್ಕೋ ಇಳಿಸಿ ಮಾಡುವುದು ವಾಡಿಕೆ. ಪ್ರಮಾಣಗಳ ಅನುಪಾತ ಬದಲಾಗದಿರುವವರೆಗೆ ನಮ್ಮ ಲೆಕ್ಕವೂ ಬದಲಾಗುವುದಿಲ್ಲ.

ನಾಲ್ಕು ದ್ರವ್ಯಗಳ ಕಾರ್ಯ

ಪೋಷಕಾಂಶಗಳ ಲೆಕ್ಕಕ್ಕೆ ತೊಡಗುವ ಮುನ್ನ ಈ ನಾಲ್ಕು ದ್ರವ್ಯಗಳು ಕೇಕಿನಲ್ಲಿ ಮಾಡುವ ಕೆಲಸವನ್ನು ತಿಳಿಯುವುದು ಉಚಿತ. ಹದಿನೆಂಟನೆಯ ಶತಮಾನದಲ್ಲಿ ಬೇಕಿಂಗ್ ಪೌಡರ್ ಇರಲಿಲ್ಲ. ಅದು ಬಳಕೆಗೆ ಬಂದುದು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ. ಆದ್ದರಿಂದ ಕೇಕು ಉಬ್ಬುವುದಕ್ಕೆ ಬೇಕಾದ ಗಾಳಿಯನ್ನು ಕಡೆಯುವುದರಿಂದಲೇ ತುಂಬಬೇಕಾಗಿತ್ತು. ಬೆಣ್ಣೆಯನ್ನು ಸಕ್ಕರೆಯ ಹರಳುಗಳೊಡನೆ ಕಡೆದಾಗ ಅಸಂಖ್ಯಾತ ಗಾಳಿಗುಳ್ಳೆಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಒಲೆಯ ಶಾಖಕ್ಕೆ ಈ ಗಾಳಿ ಹಿಗ್ಗುತ್ತದೆ. ಮೊಟ್ಟೆ ಮತ್ತು ಬೆಣ್ಣೆಗಳಲ್ಲಿರುವ ನೀರು ಆವಿಯಾಗಿ ಆ ಗುಳ್ಳೆಗಳನ್ನು ಇನ್ನಷ್ಟು ದೊಡ್ಡದು ಮಾಡುತ್ತದೆ. ಅನಂತರ ಮೊಟ್ಟೆಯ ಸಸಾರಜನಕ, ಎಂದರೆ ಪ್ರೋಟೀನು, ಹೆಪ್ಪುಗಟ್ಟುತ್ತದೆ. ಹಿಟ್ಟಿನ ಪಿಷ್ಟ ನೀರು ಹೀರಿ ಬೆಂದು ಗಟ್ಟಿಯಾಗುತ್ತದೆ. ಹೀಗೆ ಗುಳ್ಳೆಗಳ ಗೋಡೆ ನಿಲ್ಲುತ್ತದೆ. ಸಕ್ಕರೆ ರುಚಿಯನ್ನು ಕೊಡುವುದರ ಜೊತೆಗೆ ಹಿಟ್ಟಿನ ಅಂಟು ಬಲಿಯದಂತೆ ತಡೆದು ಮೃದುತ್ವವನ್ನು ಕಾಪಾಡುತ್ತದೆ.

ಕಡೆದು ತುಂಬಿದ ಗಾಳಿ ಎಷ್ಟೆಂದರೂ ಪರಿಮಿತವೇ. ಆದ್ದರಿಂದ ಪೌಂಡ್ ಕೇಕು ಸ್ಪಂಜ್ ಕೇಕಿನಂತೆ ಹಗುರವಾಗದೆ ಒತ್ತಾಗಿ ತೂಕವಾಗಿರುತ್ತದೆ. ಒಂದೇ ಗಾತ್ರದ ಎರಡು ತುಂಡುಗಳನ್ನು ತೂಗಿ ನೋಡಿದರೆ ಪೌಂಡ್ ಕೇಕಿನ ತುಂಡೇ ಹೆಚ್ಚು ತೂಗುತ್ತದೆ. ಕಣ್ಣಿಗೆ ಚಿಕ್ಕದಾಗಿ ಕಾಣುವ ತುಂಡಿನಲ್ಲಿ ದ್ರವ್ಯ ಹೆಚ್ಚಿರುತ್ತದೆ ಎಂಬುದನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡಬೇಕು.

ಲೆಕ್ಕದ ಕ್ರಮ

ಅಮೆರಿಕದ ರಸಾಯನಶಾಸ್ತ್ರಜ್ಞ ವಿಲ್ಬರ್ ಆಟ್‌ವಾಟರ್ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮಾನವದೇಹವು ಆಹಾರದಿಂದ ಪಡೆಯುವ ಶಕ್ತಿಯನ್ನು ಪ್ರಯೋಗಗಳಿಂದ ಅಳೆದರು. ಅವರ ಹೆಸರಿನಿಂದ ಪ್ರಸಿದ್ಧವಾಗಿರುವ ಗುಣಕಗಳ ಪ್ರಕಾರ ಒಂದು ಗ್ರಾಂ ಸಸಾರಜನಕ 4 ಕ್ಯಾಲೊರಿ, ಒಂದು ಗ್ರಾಂ ಶರ್ಕರಪಿಷ್ಟ 4 ಕ್ಯಾಲೊರಿ, ಒಂದು ಗ್ರಾಂ ಮೇದಸ್ಸು 9 ಕ್ಯಾಲೊರಿ ಶಕ್ತಿಯನ್ನು ಕೊಡುತ್ತದೆ. ಆಹಾರಶಾಸ್ತ್ರದಲ್ಲಿ ರೂಢಿಯಾಗಿರುವಂತೆ ಇಲ್ಲಿ ಕ್ಯಾಲೊರಿ ಎಂದರೆ ಭೌತವಿಜ್ಞಾನದ ಕಿಲೋಕ್ಯಾಲೊರಿ ಎಂದೇ ತಿಳಿಯತಕ್ಕದ್ದು. ಶರ್ಕರಪಿಷ್ಟವೆಂಬ ಪದದಲ್ಲಿ ಸಕ್ಕರೆ ಮತ್ತು ಪಿಷ್ಟಗಳೆರಡೂ ಸೇರಿವೆ.

ಇನ್ನು ದ್ರವ್ಯಗಳ ಸಂಯೋಜನೆ. ನೂರು ಗ್ರಾಂ ಮೈದಾ ಹಿಟ್ಟಿನಲ್ಲಿ ಸುಮಾರು 10 ಗ್ರಾಂ ಸಸಾರಜನಕ, 1 ಗ್ರಾಂ ಮೇದಸ್ಸು, 76 ಗ್ರಾಂ ಶರ್ಕರಪಿಷ್ಟ, 12 ಗ್ರಾಂ ನೀರು ಇರುತ್ತವೆ. ಬೆಣ್ಣೆಯಲ್ಲಿ ಮೇದಸ್ಸು ಸುಮಾರು 81 ಗ್ರಾಂ, ನೀರು 16 ಗ್ರಾಂ. ಸಸಾರಜನಕ ಒಂದು ಗ್ರಾಮಿಗೂ ಕಡಿಮೆ. ಬಿಳಿಯ ಸಕ್ಕರೆಯನ್ನು ಪೂರ್ಣವಾಗಿ ಶರ್ಕರವೆಂದೇ ಎಣಿಸಬಹುದು. ಚಿಪ್ಪು ತೆಗೆದ ಕೋಳಿಮೊಟ್ಟೆಯಲ್ಲಿ ಸಸಾರಜನಕ ಸುಮಾರು 12.5 ಗ್ರಾಂ, ಮೇದಸ್ಸು 9.5 ಗ್ರಾಂ, ಉಳಿದುದರಲ್ಲಿ ಬಹುಪಾಲು, ಎಂದರೆ 76 ಗ್ರಾಂನಷ್ಟು, ನೀರು. ಈ ಅಂಕಿಗಳು ಗೋಧಿಯ ತಳಿ, ಹಿಟ್ಟಿನ ಬೀಸುವಿಕೆ, ಹಾಲಿನ ಗುಣ ಮೊದಲಾದವುಗಳಿಂದ ತುಸು ಹೆಚ್ಚು ಕಡಿಮೆಯಾಗುತ್ತವೆ. ಆದರೆ ನಮ್ಮ ತೀರ್ಮಾನಗಳನ್ನು ಬದಲಿಸುವಷ್ಟು ವ್ಯತ್ಯಾಸ ಅದರಿಂದ ಉಂಟಾಗದು.

ಪ್ರತಿಯೊಂದು ದ್ರವ್ಯವನ್ನೂ 454 ಗ್ರಾಂ ತೆಗೆದುಕೊಂಡಾಗ ದೊರೆಯುವ ಫಲ ಹೀಗಿದೆ:

ಮೈದಾ: ಸಸಾರಜನಕ 45 ಗ್ರಾಂ, ಮೇದಸ್ಸು 5 ಗ್ರಾಂ, ಶರ್ಕರಪಿಷ್ಟ 345 ಗ್ರಾಂ, ಶಕ್ತಿ 1605 ಕ್ಯಾಲೊರಿ.
ಬೆಣ್ಣೆ: ಸಸಾರಜನಕ 4 ಗ್ರಾಂ, ಮೇದಸ್ಸು 368 ಗ್ರಾಂ, ಶರ್ಕರಪಿಷ್ಟ ಗಣನೆಗೆ ಬಾರದಷ್ಟು, ಶಕ್ತಿ 3328 ಕ್ಯಾಲೊರಿ.
ಸಕ್ಕರೆ: ಶರ್ಕರಪಿಷ್ಟ 454 ಗ್ರಾಂ, ಬೇರೇನೂ ಇಲ್ಲ, ಶಕ್ತಿ 1816 ಕ್ಯಾಲೊರಿ.
ಮೊಟ್ಟೆ: ಸಸಾರಜನಕ 57 ಗ್ರಾಂ, ಮೇದಸ್ಸು 43 ಗ್ರಾಂ, ಶರ್ಕರಪಿಷ್ಟ 3 ಗ್ರಾಂ, ಶಕ್ತಿ 627 ಕ್ಯಾಲೊರಿ.
ಒಟ್ಟು: ಸಸಾರಜನಕ 106 ಗ್ರಾಂ, ಮೇದಸ್ಸು 416 ಗ್ರಾಂ, ಶರ್ಕರಪಿಷ್ಟ 802 ಗ್ರಾಂ, ಶಕ್ತಿ 7376 ಕ್ಯಾಲೊರಿ.

ಹಸಿಯ ಮಿಶ್ರಣದ ತೂಕ 1816 ಗ್ರಾಂ. ಅದರಲ್ಲಿ ನೀರು ಸುಮಾರು 472 ಗ್ರಾಂ. ಬೇಯುವಾಗ ನೀರಿನ ಒಂದಂಶ ಆವಿಯಾಗಿ ಹೋಗುವುದರಿಂದ ಒಟ್ಟು ತೂಕದಲ್ಲಿ ಶೇಕಡಾ 10ರಷ್ಟು ಇಳಿಯಿತೆಂದು ಹಿಡಿದರೆ ಬೆಂದ ಕೇಕು ಸುಮಾರು 1635 ಗ್ರಾಂ ತೂಗುತ್ತದೆ. ಪೋಷಕಾಂಶಗಳು ಆವಿಯಾಗುವುದಿಲ್ಲ, ನೀರು ಕಡಿಮೆಯಾದಂತೆ ಅವು ಸಾಂದ್ರವಾಗುತ್ತವೆ. ಆದಕಾರಣ ಬೆಂದ ಕೇಕಿನ 100 ಗ್ರಾಮಿನಲ್ಲಿ ಸುಮಾರು 450 ಕ್ಯಾಲೊರಿ, 6.5 ಗ್ರಾಂ ಸಸಾರಜನಕ, 25 ಗ್ರಾಂ ಮೇದಸ್ಸು, 49 ಗ್ರಾಂ ಶರ್ಕರಪಿಷ್ಟ ಇರುತ್ತವೆ. ಈ 49 ಗ್ರಾಮಿನಲ್ಲಿ 28 ಗ್ರಾಂ ನೇರವಾದ ಸಕ್ಕರೆ.

ಲೆಕ್ಕದಿಂದ ತಿಳಿಯುವುದೇನು?

ಈಗ ನಮ್ಮ ಮೂಲಪ್ರಶ್ನೆಗೆ ಬರಬಹುದು. ತೂಕದಲ್ಲಿ ನಾಲ್ಕರದೂ ಕಾಲುಭಾಗ. ಶಕ್ತಿಯಲ್ಲಿಯಾದರೋ ಬೆಣ್ಣೆಯ ಪಾಲು ಶೇಕಡಾ 45, ಸಕ್ಕರೆಯದು ಶೇಕಡಾ 25, ಮೈದಾದ್ದು ಶೇಕಡಾ 22, ಮೊಟ್ಟೆಯದು ಶೇಕಡಾ 8ರಿಂದ 9 ಮಾತ್ರ. ಸಕ್ಕರೆಯೊಂದೇ ತೂಕಕ್ಕೆ ಸರಿಯಾದ ಪಾಲನ್ನು ಕೊಡುತ್ತದೆ. ಸಸಾರಜನಕದ ಲೆಕ್ಕವನ್ನು ನೋಡಿದರೆ ಚಿತ್ರ ಪೂರ್ತಿ ತಿರುವುಮುರುವಾಗುತ್ತದೆ. ಅಲ್ಲಿ ಮೊಟ್ಟೆಯ ಪಾಲು ಶೇಕಡಾ 54, ಮೈದಾದ್ದು ಶೇಕಡಾ 42, ಬೆಣ್ಣೆಯದು ಶೇಕಡಾ 4, ಸಕ್ಕರೆಯದು ಸೊನ್ನೆ. ಶಕ್ತಿಯನ್ನು ಹೆಚ್ಚಾಗಿ ಕೊಡುವ ದ್ರವ್ಯ ದೇಹದ ಕಟ್ಟೋಣಕ್ಕೆ ಬಹುಮಟ್ಟಿಗೆ ಏನನ್ನೂ ಕೊಡುವುದಿಲ್ಲ. ದೇಹವನ್ನು ಕಟ್ಟುವ ದ್ರವ್ಯ ಶಕ್ತಿಯ ಲೆಕ್ಕದಲ್ಲಿ ಕೊನೆಯ ಸ್ಥಾನದಲ್ಲಿ ನಿಲ್ಲುತ್ತದೆ.

ಈ ವ್ಯತ್ಯಾಸಕ್ಕೆ ಕಾರಣಗಳು ಎರಡು. ಮೇದಸ್ಸಿನ ಪ್ರತಿ ಗ್ರಾಮೂ ಉಳಿದ ಪೋಷಕಾಂಶಗಳ ಎರಡರಷ್ಟಕ್ಕೂ ಮಿಗಿಲಾದ ಶಕ್ತಿಯನ್ನು ಹೊಂದಿರುವುದು ಒಂದು. ಮೊಟ್ಟೆಯ ತೂಕದಲ್ಲಿ ಮುಕ್ಕಾಲು ಪಾಲು ನೀರೇ ಆಗಿರುವುದು ಇನ್ನೊಂದು. ತಕ್ಕಡಿ ಈ ಎರಡನ್ನೂ ಕಾಣಲಾರದು.

ಇಡೀ ಕೇಕನ್ನು ಒಂದೇ ಘಟಕವಾಗಿ ಪರಿಗಣಿಸಿದಾಗ ಅದರ ಶಕ್ತಿಯಲ್ಲಿ ಮೇದಸ್ಸಿನಿಂದ ಬರುವುದು ಶೇಕಡಾ 51, ಶರ್ಕರಪಿಷ್ಟದಿಂದ ಶೇಕಡಾ 43, ಸಸಾರಜನಕದಿಂದ ಶೇಕಡಾ 6. ಮೊಟ್ಟೆ ಕಾಲುಭಾಗವಿರುವ ತಿಂಡಿಯಲ್ಲಿ ಸಸಾರಜನಕದ ಪಾಲು ಇಷ್ಟು ಕ್ಷೀಣವಾಗಿರುವುದು ಮೊದಲ ನೋಟಕ್ಕೆ ಆಶ್ಚರ್ಯವೆನಿಸಬಹುದು. ಬೆಣ್ಣೆ ಸಕ್ಕರೆಗಳ ಶಕ್ತಿಯ ರಾಶಿಯಲ್ಲಿ ಅದು ಮುಚ್ಚಿಹೋಗಿದೆ.

ಸಸಾರಜನಕದ ಗುಣ

ಪ್ರಮಾಣ ಕಡಿಮೆಯಾದರೂ ಈ ಸಸಾರಜನಕದ ಗುಣ ಮಾತ್ರ ಉತ್ತಮವಾದುದು. ಗೋಧಿಯ ಸಸಾರಜನಕದಲ್ಲಿ ಲೈಸಿನ್ ಎಂಬ ಅಗತ್ಯ ಅಮೈನೋ ಆಮ್ಲ ಸಾಲದು. ಮೊಟ್ಟೆಯಲ್ಲಿ ಅದು ಧಾರಾಳವಾಗಿದೆ. ಎರಡೂ ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅನ್ನದೊಡನೆ ಬೇಳೆ ಸೇರಿದಾಗ ನಡೆಯುವ ಪರಸ್ಪರ ಪೂರಣದ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ಆದರೆ ಕೇಕಿನ ಮೇಲ್ಪದರ ಕಂದುಬಣ್ಣಕ್ಕೆ ತಿರುಗುವಾಗ ಲೈಸಿನ್ನಿನ ಸ್ವಲ್ಪಾಂಶ ನಷ್ಟವಾಗುತ್ತದೆ. ಅಮೈನೋ ಆಮ್ಲಗಳು ಕೆಲವು ಶರ್ಕರಗಳೊಡನೆ ಶಾಖದಲ್ಲಿ ಕೂಡಿ ಕಂದುಬಣ್ಣವನ್ನೂ ಸುವಾಸನೆಯನ್ನೂ ಉಂಟುಮಾಡುವ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವರು ಫ್ರೆಂಚ್ ವಿಜ್ಞಾನಿ ಲೂಯಿ ಕಾಮಿಲ್ ಮೈಯಾರ್. ಒಳಭಾಗದಲ್ಲಿ ನೀರು ಉಳಿದಿರುವುದರಿಂದ ಶಾಖ ಅಷ್ಟು ಏರದು. ನಷ್ಟವೂ ಅಲ್ಲಿ ಅಲ್ಪವೇ.

ಜೀವಸತ್ತ್ವಗಳು ಮತ್ತು ಖನಿಜಗಳು

ಬೆಣ್ಣೆ ಮತ್ತು ಮೊಟ್ಟೆಯ ಹಳದಿಯ ಮೂಲಕ ಕೇಕಿಗೆ 'ಎ' ಜೀವಸತ್ತ್ವ ಸೇರುತ್ತದೆ. 100 ಗ್ರಾಂ ಕೇಕಿನಲ್ಲಿ ಅದು ಸುಮಾರು 200 ಮೈಕ್ರೋಗ್ರಾಂ ಇರಬಹುದು. ವಯಸ್ಕ ಪುರುಷನ ದಿನದ ಅಗತ್ಯದಲ್ಲಿ ಇದು ಐದನೆಯ ಒಂದು ಪಾಲು. ಮೊಟ್ಟೆಯಿಂದ 'ಬಿ12' ಮತ್ತು ಕೋಲೀನುಗಳೂ ದೊರೆಯುತ್ತವೆ. ಇವು ಈ ತಿಂಡಿಯ ಪಾಲಿಗೆ ಹೇಳಬೇಕಾದ ಒಳ್ಳೆಯ ಮಾತುಗಳು.

ಉಳಿದ ವಿಷಯದಲ್ಲಿ ಲೆಕ್ಕ ಅಷ್ಟು ಉದಾರವಾಗಿಲ್ಲ. 'ಸಿ' ಜೀವಸತ್ತ್ವ ನಾಲ್ಕು ದ್ರವ್ಯಗಳ ಪೈಕಿ ಒಂದರಲ್ಲಿಯೂ ಇಲ್ಲ. ಆದ್ದರಿಂದ ಕೇಕಿನಲ್ಲಿಯೂ ಇಲ್ಲ. ಗೋಧಿಯ ತೌಡು ಮತ್ತು ಮೊಳಕೆಯ ಭಾಗಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವುದೇ ಮೈದಾ ಆದುದರಿಂದ ನಾರಿನ ಅಂಶ 100 ಗ್ರಾಂ ಕೇಕಿನಲ್ಲಿ ಒಂದು ಗ್ರಾಮಿಗೂ ಕಡಿಮೆ. ಕಬ್ಬಿಣ ಸುಮಾರು 1 ಮಿಲಿಗ್ರಾಂ. ಸುಣ್ಣದ ಅಂಶ 25ರಿಂದ 30 ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಗಳು 2020ರಲ್ಲಿ ಪ್ರಕಟಿಸಿದ ಶಿಫಾರಸಿನಲ್ಲಿ ವಯಸ್ಕ ಸ್ತ್ರೀಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ, 1000 ಮಿಲಿಗ್ರಾಂ ಸುಣ್ಣದ ಅಂಶ ಬೇಕೆಂದು ಹೇಳಿದೆ. ಇದರ ಮುಂದೆ ಕೇಕಿನ ಕೊಡುಗೆ ಎಷ್ಟೆಂಬುದು ಸ್ಪಷ್ಟ.

ದಿನದ ಆಹಾರದಲ್ಲಿ ಇದರ ಸ್ಥಾನ

ಅದೇ ಶಿಫಾರಸಿನಂತೆ ಹೆಚ್ಚು ಶ್ರಮವಿಲ್ಲದ ಉದ್ಯೋಗದ ಪುರುಷನಿಗೆ ದಿನಕ್ಕೆ 2110 ಕ್ಯಾಲೊರಿ, ಸ್ತ್ರೀಗೆ 1660 ಕ್ಯಾಲೊರಿ ಸಾಕು. ಸಸಾರಜನಕ ಕ್ರಮವಾಗಿ ಸುಮಾರು 54 ಮತ್ತು 46 ಗ್ರಾಂ ಬೇಕು. ಪೂರ್ಣಪ್ರಮಾಣದ ಒಂದು ಪೌಂಡ್ ಕೇಕಿನ ಶಕ್ತಿ ಇಂಥ ಪುರುಷನ ಮೂರೂವರೆ ದಿನಗಳ ಅಗತ್ಯಕ್ಕೆ ಸಮ. ಇಡೀ ಕೇಕನ್ನು ಒಬ್ಬರೇ ತಿನ್ನುವುದಿಲ್ಲವಾದ್ದರಿಂದ 50 ಗ್ರಾಮಿನ ಎರಡು ತುಂಡುಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಲೆಕ್ಕದ ಅನುಕೂಲಕ್ಕಾಗಿ ದಿನದ ಶಕ್ತಿಯನ್ನು 2000 ಕ್ಯಾಲೊರಿ ಎಂದಿಟ್ಟುಕೊಳ್ಳೋಣ.

ವಿಶ್ವ ಆರೋಗ್ಯ ಸಂಸ್ಥೆ ಆಹಾರಕ್ಕೆ ಬೆರೆಸುವ ಸಕ್ಕರೆಯಂಥವುಗಳ ಬಗ್ಗೆ 2015ರಲ್ಲಿಯೂ, ಪರ್ಯಾಪ್ತ ಮೇದಸ್ಸು, ಎಂದರೆ ಸ್ಯಾಚುರೇಟೆಡ್ ಕೊಬ್ಬಿನ ಬಗ್ಗೆ 2023ರಲ್ಲಿಯೂ ಮಾರ್ಗಸೂಚಿಗಳನ್ನು ಹೊರಡಿಸಿತು. ಇವೆರಡರಲ್ಲಿ ಯಾವುದೂ ದಿನದ ಶಕ್ತಿಯ ಶೇಕಡಾ 10ನ್ನು ಮೀರಬಾರದೆಂಬುದು ಅವುಗಳ ಸಾರ. 2000 ಕ್ಯಾಲೊರಿಯ ದಿನಕ್ಕೆ ಇದು 50 ಗ್ರಾಂ ಸಕ್ಕರೆ, 22 ಗ್ರಾಂ ಪರ್ಯಾಪ್ತ ಮೇದಸ್ಸು ಎಂದಾಗುತ್ತದೆ. ಬೆಣ್ಣೆಯ ತೂಕದ ಅರ್ಧದಷ್ಟು ಪರ್ಯಾಪ್ತ ಮೇದಸ್ಸೇ ಆಗಿರುವುದರಿಂದ ನಮ್ಮ ಎರಡು ತುಂಡು ಕೇಕಿನಲ್ಲಿ ಅದು ಸುಮಾರು 15 ಗ್ರಾಂ ಇರುತ್ತದೆ. ಸಕ್ಕರೆ 28 ಗ್ರಾಂ.

ಹಾಗಾದರೆ ಆ ಎರಡು ತುಂಡುಗಳಿಂದ ದಿನದ ಶಕ್ತಿಯಲ್ಲಿ ಕಾಲುಭಾಗಕ್ಕಿಂತ ತುಸು ಕಡಿಮೆ, ಸಸಾರಜನಕದಲ್ಲಿ ಎಂಟನೆಯ ಒಂದು ಪಾಲು ದೊರೆತಂತಾಯಿತು. ಅದೇ ಹೊತ್ತಿಗೆ ಸಕ್ಕರೆಯ ಮಿತಿಯಲ್ಲಿ ಅರ್ಧಕ್ಕೂ ಹೆಚ್ಚು, ಪರ್ಯಾಪ್ತ ಮೇದಸ್ಸಿನ ಮಿತಿಯಲ್ಲಿ ಮೂರನೆಯ ಎರಡು ಪಾಲು ಖರ್ಚಾಗಿಹೋಯಿತು. ಅಗತ್ಯವಾದುದು ನಿಧಾನವಾಗಿ ತುಂಬುತ್ತದೆ. ಮಿತಿಯುಳ್ಳದ್ದು ಬೇಗ ಮುಗಿಯುತ್ತದೆ. ಪೌಂಡ್ ಕೇಕಿನ ಪೋಷಣೆಯ ಗುಣವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ ಹೀಗೆ ಹೇಳಬಹುದು.

ಹೋಲಿಕೆಗಾಗಿ ಇಷ್ಟೇ ಶಕ್ತಿಯನ್ನು ಕೊಡುವ ಇಡೀ ಗೋಧಿಯ ಹಿಟ್ಟನ್ನು ನೋಡಬಹುದು. ಸುಮಾರು 140 ಗ್ರಾಂ ಹಿಟ್ಟು ಈ 450 ಕ್ಯಾಲೊರಿಯನ್ನು ಕೊಡುತ್ತದೆ. ಅದರ ಚಪಾತಿಗಳಲ್ಲಿ ಸಸಾರಜನಕ ಸುಮಾರು 15 ಗ್ರಾಂ. ನಾರಿನ ಅಂಶವೂ ಹೆಚ್ಚು ಕಡಿಮೆ ಅಷ್ಟೇ. ಹಿಟ್ಟಿಗೆ ನೀರು ಸೇರಿ ಗಾತ್ರ ಹೆಚ್ಚುವುದರಿಂದ ಹೊಟ್ಟೆಯೂ ತುಂಬುತ್ತದೆ. ಕೇಕಿನ ಒತ್ತಾದ ಎರಡು ತುಂಡುಗಳನ್ನು ಊಟವಾದ ಮೇಲೂ ತಿನ್ನಬಹುದು. ಅಷ್ಟೇ ಶಕ್ತಿಯ ಚಪಾತಿಗಳೇ ಒಂದು ಊಟವಾಗುತ್ತವೆ.

ಇದರಿಂದ ಪೌಂಡ್ ಕೇಕು ನಿಷಿದ್ಧವೆಂದು ತೀರ್ಮಾನಿಸಬೇಕಾಗಿಲ್ಲ. ಸ್ವಲ್ಪ ತೂಕದಲ್ಲಿ ಬಹಳ ಶಕ್ತಿ ಬೇಕಾದ ಸಂದರ್ಭಗಳುಂಟು. ಬೆಟ್ಟ ಹತ್ತುವವರು ಹೊತ್ತೊಯ್ಯುವ ಆಹಾರ, ದಿನವಿಡೀ ಮೈಮುರಿದು ದುಡಿಯುವವರ ಉಪಾಹಾರ ಇವಕ್ಕೆ ಇಂಥ ಸಾಂದ್ರತೆ ಉಪಯುಕ್ತ. ಹಬ್ಬ ಹರಿದಿನಗಳಲ್ಲಿ ಸಿಹಿಗೆ ಇರುವ ಸ್ಥಾನವೂ ಅದಕ್ಕಿದೆ. ಆದರೆ ಬೆಳೆಯುವ ಮಗುವಿಗೆ, ಕಾಯಿಲೆಯಿಂದ ಎದ್ದವರಿಗೆ 'ಬೆಣ್ಣೆ ಮೊಟ್ಟೆ ಹಾಕಿದ್ದು' ಎಂಬ ಭರವಸೆಯಿಂದ ಊಟದ ಬದಲಿಗೆ ಕೇಕನ್ನು ಕೊಡುವುದು ತಪ್ಪು ಎಣಿಕೆ. ಆ ಮೊಟ್ಟೆಯನ್ನೇ ಬೇಯಿಸಿ ಕೊಟ್ಟರೆ ಒಂದರಲ್ಲಿಯೇ 6 ಗ್ರಾಂ ಸಸಾರಜನಕ ದೊರೆಯುತ್ತದೆ. ಅಷ್ಟನ್ನು ಕೇಕಿನಿಂದ ಪಡೆಯಲು ಸುಮಾರು 90 ಗ್ರಾಂ ತಿನ್ನಬೇಕು, ಜೊತೆಗೆ 25 ಗ್ರಾಂ ಸಕ್ಕರೆಯನ್ನೂ ಒಪ್ಪಿಕೊಳ್ಳಬೇಕು.

ದ್ರವ್ಯ ಬದಲಾದಾಗ

ಅಂಗಡಿಗಳಲ್ಲಿ ಪೌಂಡ್ ಕೇಕೆಂಬ ಹೆಸರಿನಿಂದ ಮಾರಾಟವಾಗುವುದೆಲ್ಲವೂ ಸಮತೂಕದ ಸೂತ್ರಕ್ಕೆ ಬದ್ಧವಲ್ಲ. ಬೆಣ್ಣೆಯ ಬದಲಿಗೆ ವನಸ್ಪತಿಯನ್ನು ಅಷ್ಟೇ ತೂಕ ಹಾಕಿದರೆ, ಅದರಲ್ಲಿ ನೀರಿಲ್ಲದ ಕಾರಣ, ಒಟ್ಟು ಶಕ್ತಿ ಸುಮಾರು 760 ಕ್ಯಾಲೊರಿ ಹೆಚ್ಚುತ್ತದೆ. ಎಣ್ಣೆಯನ್ನು ಭಾಗಶಃ ಗಟ್ಟಿಮಾಡುವಾಗ ಹುಟ್ಟುವ ಟ್ರಾನ್ಸ್ ಮೇದಸ್ಸು ಹೃದಯಕ್ಕೆ ಹಾನಿಕರ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು ಎಣ್ಣೆ ಕೊಬ್ಬುಗಳಲ್ಲಿ ಅದರ ಪ್ರಮಾಣ ಶೇಕಡಾ 2ನ್ನು ಮೀರಬಾರದೆಂಬ ನಿಯಮವನ್ನು 2022ರಲ್ಲಿ ಜಾರಿಗೆ ತಂದಿತು.

ಮೊಟ್ಟೆಯನ್ನು ಬಿಟ್ಟರೆ ಏನಾಗುವುದೆಂಬುದು ನಮ್ಮ ನಾಡಿಗೆ ಹೆಚ್ಚು ಸಂಬಂಧಿಸಿದ ಪ್ರಶ್ನೆ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳು ಮೊಟ್ಟೆಯಿಲ್ಲದ ಕೇಕಿಗೆ ಹೆಸರಾದವು. ಒಂದು ಪೌಂಡು ಮೊಟ್ಟೆಯ ಸ್ಥಾನದಲ್ಲಿ ಒಂದು ಪೌಂಡು ಹಾಲನ್ನು ಸೇರಿಸಿದೆವೆನ್ನೋಣ. ಹಾಲಿನಿಂದ ಬರುವ ಸಸಾರಜನಕ ಸುಮಾರು 15 ಗ್ರಾಂ. ಆಗ ಒಟ್ಟು ಸಸಾರಜನಕ 106 ಗ್ರಾಮಿನಿಂದ 64 ಗ್ರಾಮಿಗೆ, ಎಂದರೆ ಶೇಕಡಾ 40ರಷ್ಟು ಇಳಿಯುತ್ತದೆ. ಬೆಣ್ಣೆ ಸಕ್ಕರೆಗಳನ್ನು ಮುಟ್ಟದಿರುವುದರಿಂದ ಒಟ್ಟು ಶಕ್ತಿಯಲ್ಲಾಗುವ ಇಳಿತ ಅತ್ಯಲ್ಪ. ಸಕ್ಕರೆಯನ್ನೋ ಬೆಣ್ಣೆಯನ್ನೋ ಕಾಲುಭಾಗ ಕಡಿಮೆ ಮಾಡಿದರೆ ಏನಾಗುವುದೆಂಬುದನ್ನು ವಿದ್ಯಾರ್ಥಿಗಳು ಇದೇ ಕ್ರಮದಿಂದ ತಾವೇ ಗುಣಿಸಿ ನೋಡಬಹುದು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಒಂದು, ದ್ರವ್ಯಗಳ ತೂಕ ಸಮವಾದ ಮಾತ್ರಕ್ಕೆ ಅವುಗಳ ಪೋಷಣೆ ಸಮವಾಗುವುದಿಲ್ಲ. ಎರಡು, ಒಳ್ಳೆಯ ದ್ರವ್ಯ ಸೇರಿದೆಯೆಂಬುದರಿಂದ ಇಡೀ ತಿಂಡಿಯ ಬೆಲೆಯನ್ನು ಕಟ್ಟಲಾಗದು. ಅದರ ಜೊತೆಯಲ್ಲಿ ಬಂದಿರುವುದೇನು, ಎಷ್ಟು ಎಂಬುದನ್ನೂ ಎಣಿಸಬೇಕು. ಮೂರು, ತಿನ್ನುವ ತುಂಡಿನ ತೂಕವನ್ನು ತಿಳಿಯದೆ ಯಾವ ತಿಂಡಿಯನ್ನೂ ಹಿತವೆಂದಾಗಲಿ ಅಹಿತವೆಂದಾಗಲಿ ಹೇಳಲು ಬಾರದು.

ನಾಲ್ಕೇ ದ್ರವ್ಯಗಳ ಈ ಲೆಕ್ಕಕ್ಕೆ ಬೇಕಾದ ಸಲಕರಣೆಗಳು ಒಂದು ತಕ್ಕಡಿ, ಒಂದು ಆಹಾರಕೋಷ್ಟಕ, ಗುಣಾಕಾರದ ಅಭ್ಯಾಸ. ಇದೇ ಕ್ರಮವನ್ನು ಹೋಳಿಗೆಗೂ ಮೈಸೂರುಪಾಕಿಗೂ ವಿದ್ಯಾರ್ಥಿನಿಲಯದ ನಿತ್ಯದ ಊಟಕ್ಕೂ ಅನ್ವಯಿಸಬಹುದು. ಅಧ್ಯಾಪಕರು ತರಗತಿಯಲ್ಲಿ ಪೌಂಡ್ ಕೇಕಿನಿಂದ ಆರಂಭಿಸಿ, ವಿದ್ಯಾರ್ಥಿಗಳು ತಮ್ಮ ಮನೆಯ ಅಡುಗೆಯನ್ನು ತೂಗಿ ಬರೆದು ತರುವಂತೆ ಮಾಡಿದಲ್ಲಿ ಆಹಾರಶಾಸ್ತ್ರವು ಪುಸ್ತಕದಿಂದ ತಟ್ಟೆಗೆ ಇಳಿಯುವುದರಲ್ಲಿ ಸಂದೇಹವಿಲ್ಲ.